ಗೋಲು ಕಾಯುವವನು ನಮ್ಮ ಮನೆಯಲ್ಲಿ ಉಂಡ ದಿನ

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ನಮ್ಮ ಬಾಡಿಗೆ ಮನೆ ಒಣಶುಂಠಿಯ ಗೋದಾಮಿನ ಮೇಲಿತ್ತು. ಮರದ ಮೆಟ್ಟಿಲು ಹತ್ತಿ ಬಂದರೆ ಮೊದಲು ಅಡುಗೆಮನೆ, ಆಮೇಲೆ ಪಡಸಾಲೆ. ಈ ಮನೆ ಕಟ್ಟಿದವನು ಹಸಿದುಕೊಂಡೇ ಕಟ್ಟಿರಬೇಕು ಎಂದು ಅಪ್ಪ ನಗುತ್ತಿದ್ದ. ಹಾಗಾಗಿ ಮನೆಗೆ ಬಂದವರೆಲ್ಲ ಅವ್ವನ ಒಲೆಯ ಎದುರಿನಿಂದಲೇ ಹಾದು ಹೋಗಬೇಕಿತ್ತು, ಅವಳು ಕೈಗೆ ಏನಾದರೂ ಕೊಡದೆ ಯಾರನ್ನೂ ಮುಂದಕ್ಕೆ ಬಿಡುತ್ತಿರಲಿಲ್ಲ. ಸಾಜನ್ ಅಂತೂ ಅಡುಗೆಮನೆಯಿಂದ ಮುಂದಕ್ಕೆ ಬಂದದ್ದನ್ನು ನಾನು ನೋಡಿದ್ದೇ ಅಪರೂಪ. ಅವನು ನಮ್ಮಣ್ಣ ಗಿರಿಯ ಓರಗೆಯವನು, ಒಂದೇ ಶಾಲೆ, ಒಂದೇ ತರಗತಿ. ಅವನಪ್ಪ ಕೆಳಗಿನ ಗೋದಾಮಿನಲ್ಲಿ ಚೀಲ ಹೊರುತ್ತಿದ್ದ. ಸಂಜೆ ಶಾಲೆ ಬಿಟ್ಟು ಇಬ್ಬರೂ ಚೆಂಡು ಒದ್ದು ಒದ್ದು ಸುಸ್ತಾಗಿ ಮೇಲೆ ಬಂದರೆ, ಸಾಜನ್ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಕೂತುಬಿಡುತ್ತಿದ್ದ. ಅವ್ವ ರೊಟ್ಟಿ ಬಡಿಯುವುದನ್ನು ನೋಡುತ್ತಾ, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಮತ್ತು ಮೊಸರು ಹಚ್ಚಿಕೊಂಡು ತಿನ್ನುತ್ತಿದ್ದ. ಜೋಳದ ಹಿಟ್ಟು ಧಾರವಾಡದಿಂದ ಯಾರಾದರೂ ಬಂದಾಗ ಮಾತ್ರ ಬರುತ್ತಿತ್ತು. ನಮಗೆ ಅಳೆದು ಸುರಿದು ಬಡಿಸುತ್ತಿದ್ದ ಅವ್ವ ಅವನಿಗೆ ಮಾತ್ರ ಕೇಳಿ ಕೇಳಿ ಹಾಕುತ್ತಿದ್ದಳು, ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಅಪ್ಪ ಬ್ಯಾಂಕಿನಲ್ಲಿ ಆಫೀಸರ್. ಮೂರು ವರ್ಷಕ್ಕೊಮ್ಮೆ ಎತ್ತಂಗಡಿ ಮಾಡಿಸಿಕೊಳ್ಳುವ ನೌಕರಿ. ಮನೆಯಲ್ಲಿ ಅಪ್ಪ ಅವ್ವ ಕನ್ನಡದಲ್ಲಿ ಮಾತಾಡಿದರೆ ನಾನು, ಗಿರಿ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದೆವು. ಅದಕ್ಕೆ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಆದರೆ ಅದೇ ಅಪ್ಪ ಅವ್ವನಿಗೆ ಆ ಊರಿನಲ್ಲಿ ಕನ್ನಡ ಬೇರೆ ಯಾರಿಗೂ ತಿಳಿಯದು ಎಂಬುದು ಬಹಳ ಅನುಕೂಲದ ಸಂಗತಿಯಾಗಿತ್ತು. ದೋಣಿಯಲ್ಲಿ ಎದುರು ಕೂತ ಹೆಂಗಸಿನ ಸೀರೆಯ ಬಣ್ಣ, ಮನೆ ಮಾಲೀಕನ ಜಿಪುಣತನ, ಊಟಕ್ಕೆ ಕರೆದವರ ಮನೆಯ ಸಾಂಬಾರಿನ ರುಚಿ, ಎಲ್ಲವನ್ನೂ ಅವರ ಮುಖದ ಎದುರಿಗೇ, ನಗುನಗುತ್ತಾ, ಗಟ್ಟಿಯಾಗಿ ಆಡಿಕೊಳ್ಳುತ್ತಿದ್ದರು. ವರ್ಗವಾಗಿ ಬಂದ ಮನೆಗಳಲ್ಲೆಲ್ಲ ಇದೊಂದು ಚಟ. ಪರ ಊರಿನಲ್ಲಿ ನಮ್ಮ ಮಾತೇ ನಮಗೆ ಪರದೆ. ಆ ಪರದೆಯ ಹಿಂದೆ ಕೂತು ಏನು ಬೇಕಾದರೂ ಹೇಳಬಹುದು ಎಂದು ನಾವು ನಂಬಿಬಿಟ್ಟಿದ್ದೆವು. ಅವ್ವ ಸಾಜನ್‌ನ ಜೊತೆ ತನ್ನ ಹರಕು ಮಲಯಾಳದಲ್ಲೇ ಮಾತಾಡುತ್ತಿದ್ದಳು. ಅದು ಅವಳಿಗೆ ದೊಡ್ಡ ಹೆಮ್ಮೆ. ಒಮ್ಮೆ ಅವಳು ಹಿಟ್ಟು ಮೆತ್ತಿದ ಕೈಯಲ್ಲಿ, ತಿರುಗಿಯೂ ನೋಡದೆ, ಗಿರಿಗೆ ಹೇಳಿದಳು.

“ಲೇ, ಆ ಉಪ್ಪಿನ ಡಬ್ಬಿ ಇತ್ತ ಕೊಡು.”

ಗಿರಿ ಕಿಟಕಿಯ ಹತ್ತಿರ ಏನನ್ನೋ ನೋಡುತ್ತಾ ನಿಂತಿದ್ದ. ಡಬ್ಬಿ ತೆಗೆದು ಕೊಟ್ಟವನು ಸಾಜನ್. ಅವ್ವ ಅದನ್ನು ತೆಗೆದುಕೊಂಡು ಉಪ್ಪು ಹಾಕಿದಳು, ರೊಟ್ಟಿ ತಟ್ಟಿದಳು. ಯಾರ ಕೈ ಎಂದು ನೋಡಲೂ ಇಲ್ಲ.

ಸಾಜನ್‌ನ ಎಡಗಣ್ಣು ಮಂದ ಎಂಬುದು ಅವರ ಮನೆಯ ಹೊರಗೆ ಗೊತ್ತಿದ್ದದ್ದು ಇಬ್ಬರಿಗೆ, ಗಿರಿಗೆ ಮತ್ತು ಅವ್ವನಿಗೆ. ಚಿಕ್ಕವನಿದ್ದಾಗ ಗೋದಾಮಿನಲ್ಲಿ ಆಡುತ್ತಿದ್ದವನಿಗೆ ಚೀಲ ಎಳೆಯುವ ಕೊಕ್ಕೆ ತಾಗಿತ್ತಂತೆ. ಗಾಯ ಮಾಯ್ದು ಕಣ್ಣು ನೋಡಲು ನೆಟ್ಟಗೇ ಇತ್ತು, ಆದರೆ ಆ ಕಡೆಯದೆಲ್ಲ ಅವನಿಗೆ ಮಬ್ಬು. ಇಂಥವನು ಗೋಲ್‌ಕೀಪರ್ ಆದದ್ದೇ ಒಂದು ಆಶ್ಚರ್ಯ. ಕುತ್ತಿಗೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡು ನಿಲ್ಲುತ್ತಿದ್ದ. ನೋಡುವವರು ಅದು ಅವನ ಸ್ಟೈಲ್ ಎಂದುಕೊಂಡಿದ್ದರು, ಕೆಲವು ಸಣ್ಣ ಹುಡುಗರು ಹಾಗೇ ನಿಂತು ಅನುಕರಿಸುತ್ತಲೂ ಇದ್ದರು. ಅವ್ವನಿಗೆ ತಿಳಿದದ್ದು ಅಡುಗೆಮನೆಯಲ್ಲಿ. ತಟ್ಟೆಯ ಎಡಕ್ಕೆ ಬಡಿಸಿದ ಹಿಂಡಿಯನ್ನು ಅವನು ಮುಟ್ಟದೇ ಏಳುವುದನ್ನು ಎರಡು ಸಲ ನೋಡಿ, ಮೂರನೆಯ ಸಲ ಕೇಳಿದ್ದಳು. ಆಮೇಲಿಂದ ಅವನಿಗೆ ಎಲ್ಲವನ್ನೂ ಬಲಕ್ಕೇ ಇಡತೊಡಗಿದಳು. ಯಾರಿಗೂ ಹೇಳಲಿಲ್ಲ, ಅಪ್ಪನಿಗೂ.

ಗಿರಿ ಹತ್ತನೆಯ ತರಗತಿಗೆ ಬಂದ ವರ್ಷ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಚಾಲೈ ಪೇಟೆಯ ಹಿಂದಿನ ಓಣಿಯಲ್ಲಿ ಮನೆ ಸಿಕ್ಕಿತು. ಬೆಳಗಾಗುವ ಮುಂಚೆಯೇ ಲಾರಿಗಳಿಂದ ಈರುಳ್ಳಿ ಇಳಿಸುವ ಗದ್ದಲ, ಹಗಲಿಡೀ ಪಾತ್ರೆ ಅಂಗಡಿಗಳ ಠಣಠಣ. ಕೋಣೆಗಳು ಒಂದರ ಹಿಂದೊಂದು ಸಾಲಾಗಿದ್ದು ನಡುವಿನದಕ್ಕೆ ಕಿಟಕಿಯೇ ಇರಲಿಲ್ಲ. ಆ ನಡುಕೋಣೆಯಲ್ಲಿ ನಮ್ಮ ಊಟದ ಮೇಜು. ಮಧ್ಯಾಹ್ನವೂ ದೀಪ ಹಾಕಿಯೇ ಉಣ್ಣಬೇಕು. ನನಗೆ ಆ ಕೋಣೆ ಮೊದಲ ದಿನದಿಂದಲೂ ಸೇರಲಿಲ್ಲ. ಅಪ್ಪನಿಗೂ ಆ ಊರು ಸೇರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಬ್ಯಾಂಕಿನಲ್ಲಿ ಯಾರೂ ಅವನನ್ನು ಚಹಾಕ್ಕೆ ಕರೆಯುತ್ತಿರಲಿಲ್ಲ, ಕನ್ನಡದವರು ಎಂದು ಬೆನ್ನ ಹಿಂದೆ ಒಂದು ಹೆಸರು ಇಟ್ಟಿದ್ದರು. ಗಿರಿ ಹೊಸ ಶಾಲೆಯ ತಂಡದಲ್ಲಿ ಗೋಲಿನ ಮೇಲೆ ಗೋಲು ಹೊಡೆದು, ಊರಿನ ಆಯ್ದ ಹನ್ನೊಂದರಲ್ಲಿ ಅವನ ಹೆಸರು ಬಂದಾಗ ಎಲ್ಲ ಬದಲಾಯಿತು. ಮರುದಿನವೇ ಮ್ಯಾನೇಜರು ಅಪ್ಪನ ಮೇಜಿನ ಬಳಿ ಬಂದು ಕುರ್ಚಿ ಎಳೆದುಕೊಂಡು ಕೂತರಂತೆ. ಅದುವರೆಗೆ ಚೆಂಡಾಟವೆಂದರೆ ಮೂಗು ಮುರಿಯುತ್ತಿದ್ದ ಅಪ್ಪ ಅಂದಿನಿಂದ ಅದರ ಹೊರತು ಬೇರೆ ಮಾತೇ ಆಡಲಿಲ್ಲ.

ಆಲ್‌ಸ್ಟಾರ್ ಪಂದ್ಯ ಎಂದು ಎಲ್ಲರೂ ಕರೆಯುತ್ತಿದ್ದ ಆ ಆಟದ ಚರಿತ್ರೆಯನ್ನು ನಾನು ಕೇಳಿದ್ದು ಅಪ್ಪನ ಬಾಯಿಂದ, ಅವನು ಕೇಳಿದ್ದು ಬ್ಯಾಂಕಿನ ಹಳಬರಿಂದ. ಕೊಚ್ಚಿಯ ಶಾಲೆಗಳಿಂದ ಆಯ್ದ ಹನ್ನೊಂದು ಹುಡುಗರು, ತಿರುವನಂತಪುರದ ಶಾಲೆಗಳಿಂದ ಆಯ್ದ ಹನ್ನೊಂದು. ಒಂದು ವರ್ಷ ಆ ಊರಿನಲ್ಲಿ, ಮರುವರ್ಷ ಈ ಊರಿನಲ್ಲಿ. ಇಬ್ಬರು ಮೂವರು ಆಟದ ಮೇಷ್ಟರು ಸೇರಿ ಗೆದ್ದವರಿಗೆ ಒಂದು ಬಾಳೆಗೊನೆ ಎಂದು ಶುರು ಮಾಡಿದ್ದು ಬೆಳೆದು ಬೆಳೆದು, ಎರಡೂ ಊರುಗಳ ಮಾನದ ಪ್ರಶ್ನೆಯಾಯಿತು. ಒಂದು ವರ್ಷ ಸೋತ ಊರಿನವರು ಗೆದ್ದ ಹುಡುಗರ ಬಸ್ಸಿಗೆ ಕಲ್ಲು ಹೊಡೆದರು. ಒಬ್ಬ ಹುಡುಗನ ದವಡೆ ಒಡೆಯಿತು. ಆಗ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದರು. ಬಂದ ತಂಡ ಲಾಡ್ಜಿನಲ್ಲಿ ಇಳಿಯಕೂಡದು, ಎದುರಾಳಿಗಳ ಮನೆಯಲ್ಲಿ ಇಳಿಯಬೇಕು. ಪಂದ್ಯದ ಹಿಂದಿನ ಸಂಜೆ ಅಲ್ಲೇ ಉಣ್ಣಬೇಕು. ಅದರಲ್ಲೂ ಗೋಲು ಹೊಡೆಯುವವನ ಮನೆಯಲ್ಲಿ ಗೋಲು ಕಾಯುವವನೇ ಉಣ್ಣಬೇಕು. ಅನ್ನ ಹಾಕಿದ ಕೈ ಕಲ್ಲು ಎತ್ತುವುದಿಲ್ಲ ಎಂಬುದು ಅವರ ನಂಬಿಕೆ. ಹಲವು ವರ್ಷ ಅದು ಸುಳ್ಳಾಗಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮಲ್ಲೂ ಹೇಳುತ್ತಾರೆ. ಉಣಬಡಿಸಿದವರೇ ಎರಡು ಬಗೆದರೆ ಏನನ್ನಬೇಕು ಎಂದು ಯಾವ ಗಾದೆಯೂ ಹೇಳಿಕೊಟ್ಟಿರಲಿಲ್ಲ.

ಆ ವರ್ಷ ಪಂದ್ಯ ತಿರುವನಂತಪುರದಲ್ಲಿ. ಕೊಚ್ಚಿಯ ಗೋಲ್‌ಕೀಪರ್ ಸಾಜನ್. ಸುದ್ದಿ ಕೇಳಿದ ಅವ್ವ ಕುಣಿದಾಡಿದಳು, ಬಚ್ಚಿಟ್ಟಿದ್ದ ಜೋಳದ ಹಿಟ್ಟನ್ನು ಹೊರತೆಗೆದಳು. ಗಿರಿ ಮಾತ್ರ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಪಂದ್ಯ ನೋಡಲು ಸ್ಪೋರ್ಟ್ಸ್ ಹಾಸ್ಟೆಲಿನವರು ಬಂದು ಕೂರುತ್ತಾರೆ, ಆಯ್ಕೆಯಾದರೆ ಊಟ, ಓದು, ಮುಂದೆ ಒಂದು ನೌಕರಿ. ಆಗದಿದ್ದರೆ ಗಿರಿ ಕಾಲೇಜಿಗೆ ಹೋಗುತ್ತಿದ್ದ, ಅಷ್ಟೇ. ಸಾಜನ್‌ಗೆ ಹಾಗಲ್ಲ. ಅವನಪ್ಪನ ಬೆನ್ನು ಬಿದ್ದುಹೋಗಿತ್ತು. ಪರೀಕ್ಷೆ ಮುಗಿದ ಮರುದಿನದಿಂದ ಅದೇ ಗೋದಾಮಿನಲ್ಲಿ, ಕಣ್ಣಿಗೆ ತಾಗಿದ ಆ ಕೊಕ್ಕೆಯನ್ನೇ ಹಿಡಿದು ಇವನು ಚೀಲ ಎಳೆಯಬೇಕೆಂದು ಮಾತಾಗಿತ್ತು. ಇದನ್ನೆಲ್ಲ ಗಿರಿ ನನಗೆ ಹೇಳಿದ್ದ. ಕಣ್ಣಿನ ವಿಷಯ ಹಾಸ್ಟೆಲಿನವರಿಗೆ ತಿಳಿದರೆ ಅಲ್ಲಿಗೆ ಅವನ ಕಥೆ ಮುಗಿಯಿತು ಎಂದೂ ಹೇಳಿದ್ದ.

ಸಾಜನ್ ದೀಪ ಹಚ್ಚುವ ಹೊತ್ತಿಗೆ ಬಂದ. ಆ ಕೆಲವು ತಿಂಗಳಲ್ಲಿ ಅವನ ದನಿ ಒಡೆದಿತ್ತು, ಮೀಸೆ ಚಿಗುರಿತ್ತು, ಬಟ್ಟೆಗೆ ಮಾತ್ರ ಅದೇ ಶುಂಠಿಯ ವಾಸನೆ. “ಆಂಟೀ” ಎಂದು ನೇರ ಅಡುಗೆಮನೆಗೆ ಹೋದವನು ಹಿಟ್ಟಿನ ಡಬ್ಬಿಗಾಗಿ ಸುತ್ತ ನೋಡಿದ. ಆ ಮನೆಯ ಅಡುಗೆಮನೆಯಲ್ಲಿ ಇಬ್ಬರು ನಿಲ್ಲುವಷ್ಟೂ ಜಾಗವಿರಲಿಲ್ಲ. ಅವ್ವ ಅವನನ್ನು ನಡುಕೋಣೆಗೆ ಕಳಿಸಿದಳು. ಮೇಜಿನ ಒಂದು ತಲೆಗೆ ಅಪ್ಪ, ಎದುರಿಗೆ ಸಾಜನ್, ಪಕ್ಕದಲ್ಲಿ ಗಿರಿ ಮತ್ತು ನಾನು. ಅವ್ವ ತಟ್ಟೆ ತಂದಿಟ್ಟಳು. ಎಣ್ಣೆಗಾಯಿ, ಹಿಂಡಿ, ಮೊಸರಿನ ಬಟ್ಟಲು, ಉಪ್ಪಿನಕಾಯಿ, ಎಲ್ಲವನ್ನೂ ಹಳೆಯ ಅಭ್ಯಾಸದಂತೆ ಅವನ ಬಲಕ್ಕೇ ಜೋಡಿಸಿದಳು. ಎಡಕ್ಕಿದ್ದ ನೀರಿನ ಲೋಟವನ್ನೂ ಎತ್ತಿ ಬಲಕ್ಕಿಟ್ಟಳು. ಅಪ್ಪ ನೋಡುತ್ತಿದ್ದ.

“ಅದ್ಯಾಕ ಎಲ್ಲಾ ಒಂದ ಕಡೆ ಇಡಾಕತ್ತಿ? ಎಡಕ್ಕ ಜಾಗಾ ಇಲ್ಲನ?”

“ಆ ಹುಡುಗಗ ಎಡಗಣ್ಣು ಸರಿಯಾಗಿ ಕಾಣಂಗಿಲ್ರೀ, ಪಾಪ. ಯಾರ ಮುಂದೂ ಹೇಳಬ್ಯಾಡ್ರಿ.”

ಪಾಪ ಎನ್ನುವಾಗ ಅವಳು ಸಾಜನ್‌ನ ತಲೆ ಸವರಿದಳು. ಪ್ರೀತಿಯಿಂದಲೇ ಹೇಳಿದಳು, ಪರದೆಯ ಹಿಂದೆ ಕೂತೇ ಹೇಳಿದಳು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವನ ಮುಖದಲ್ಲಿ ಒಂದು ಬೆಳಕು ಬಂತು. ಆ ಬೆಳಕು ನನಗೆ ಹೆದರಿಕೆ ತಂದಿತು, ಯಾಕೆಂದು ಆಗ ತಿಳಿಯಲಿಲ್ಲ. ಸಾಜನ್‌ನ ಕಡೆಗೆ ನೋಡಿ ನಗುತ್ತಾ, ಊಟ ಚೆನ್ನಾಗಿದೆಯೇ ಎಂದು ಕೇಳುವವನ ಹಾಗೆ ತಲೆಯಾಡಿಸುತ್ತಾ, ಗಿರಿಗೆ ಹೇಳಿದ.

“ಲೇ ಗಿರಿ, ಕೇಳಿದ್ಯಾ? ನಾಳೆ ಚೆಂಡು ಸಿಕ್ಕಾಗೆಲ್ಲ ಅವನ ಎಡಕ್ಕ ಹೊಡಿ. ಅವಂಗ ಕಾಣೂದ್ರಾಗ ಗೋಲಾಗಿರತೈತಿ.”

“ಉಣ್ಣು ಮುಂದ ಇವೆಲ್ಲಾ ಯಾಕ್ರೀ? ಸುಮ್ನಿರ್ರಿ.”

“ಅವಂಗೇನ್ ತಿಳೀತೈತಿ ನಮ್ಮ ಮಾತು? ಇದೇನ್ ಮೋಸ ಅಲ್ಲ, ಆಟ. ಆಟದಾಗ ಎದುರಿನಾವನ ಕುಂದು ನೋಡೇ ಹೊಡೀಬೇಕು.”

“ಅಪ್ಪಾ, ಮದಿ,” ಎಂದ ಗಿರಿ. ಮಲಯಾಳದಲ್ಲಿ ಹಾಗೆಂದರೆ ಸಾಕು ಎಂದು. ಅವನ ಕಿವಿ ಕೆಂಪಾಗಿತ್ತು, ತಟ್ಟೆಯಿಂದ ತಲೆ ಎತ್ತಲಿಲ್ಲ.

ನಾನು ಸಾಜನ್‌ನನ್ನೇ ನೋಡುತ್ತಿದ್ದೆ. ಹಿಂಡಿಯ ಕಡೆ ಹೋಗುತ್ತಿದ್ದ ಅವನ ಕೈ ನಡುವೆ ನಿಂತಿತು. ಸ್ವಲ್ಪ ಹೊತ್ತು ಹಾಗೇ ಇದ್ದು, ಹಿಂದಕ್ಕೆ ಬಂದು ತೊಡೆಯ ಮೇಲೆ ಕೂತಿತು. “ಆಂಟೀ, ಕುರಚ್ಚು ವೆಳ್ಳಂ,” ಎಂದು ನೀರು ಕೇಳಿದ. ನೀರಿನ ಲೋಟ ಅವನ ಬಲಗೈಯ ಪಕ್ಕದಲ್ಲೇ ತುಂಬಿತ್ತು. ಅವ್ವ ಇನ್ನೊಂದು ರೊಟ್ಟಿ ಹಾಕಲು ಬಂದಾಗ ತಟ್ಟೆಗೆ ಅಂಗೈ ಅಡ್ಡ ಹಿಡಿದ. ಅವನು ರೊಟ್ಟಿ ಬೇಡವೆಂದದ್ದು ಅದೇ ಮೊದಲು. ಬಸ್ಸಿನ ದಣಿವು ಇರಬೇಕು ಎಂದಳು ಅವ್ವ.

ಬೆಳಗ್ಗೆ ಹಂಚಿನ ಮೇಲೆ ರೊಟ್ಟಿ ಎರಡು ಸಲ ಹರಿಯಿತು. ಅವ್ವ ಹಿಟ್ಟು ಹಳೆಯದಾಯಿತು ಎಂದಳು, ಆದರೆ ಅವಳ ಮುಖ ನೆಟ್ಟಗಿರಲಿಲ್ಲ. ಸಾಜನ್ ಬೇಗನೇ ತನ್ನ ತಂಡದವರನ್ನು ಸೇರಿಕೊಳ್ಳಲು ಹೊರಟುಹೋಗಿದ್ದ. ಹೊಸಿಲಲ್ಲಿ ಕೂತು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದ ಗಿರಿ ನನ್ನನ್ನು ಕರೆದು, ಯಾರಿಗೂ ಹೇಳಬೇಡ ಎಂದು, ಮಲಯಾಳದಲ್ಲಿ ಹೇಳಿದ. ಅವನ ಎಡಕ್ಕೆ ಇವತ್ತು ಒಂದು ಚೆಂಡನ್ನೂ ಹೊಡೆಯುವುದಿಲ್ಲ. ಬಲಕ್ಕೇ ಹೊಡೆಯುತ್ತೇನೆ, ಕಾಣುವ ಕಡೆಗೇ. ಹಿಡಿದರೆ ಹಿಡಿಯಲಿ, ಹಾಸ್ಟೆಲಿನವರು ಅವನನ್ನೇ ಆರಿಸಿಕೊಳ್ಳಲಿ. ಅಣ್ಣನನ್ನು ಅಷ್ಟು ಇಷ್ಟಪಟ್ಟ ಗಳಿಗೆ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಮೈದಾನದ ಗೋಲಿನ ಕಂಬಗಳು ಕಬ್ಬಿಣದ ಕೊಳವೆಗಳು. ಪಂದ್ಯಕ್ಕೆಂದು ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರು, ಅದರಡಿಯ ತುಕ್ಕು ಅಲ್ಲಲ್ಲಿ ಉಬ್ಬಿತ್ತು. ನಾವು ಆ ಗೋಲಿನ ಪಕ್ಕದ ಮೆಟ್ಟಿಲುಗಳ ಮೇಲೇ ಕೂತಿದ್ದೆವು, ಅಪ್ಪನ ಬಲಕ್ಕೆ ಮ್ಯಾನೇಜರು, ಎಡಕ್ಕೆ ಅವ್ವ ಮತ್ತು ನಾನು. ಮೊದಲರ್ಧ ಎರಡೂ ಕಡೆ ಗೋಲಿಲ್ಲ. ಎರಡನೆಯ ಅರ್ಧದಲ್ಲಿ ಸಾಜನ್ ನಮ್ಮ ಕಡೆಯ ಗೋಲಿಗೆ ಬಂದ. ಅವನ ಕುತ್ತಿಗೆ ಎಂದಿಗಿಂತ ಹೆಚ್ಚು ಎಡಕ್ಕೆ ತಿರುಗಿತ್ತು, ಮತ್ತೆ ಮತ್ತೆ ಕೈ ಚಾಚಿ ಎಡಗಡೆಯ ಕಂಬವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಯಾರೋ ಹಿಂದಿನಿಂದ ಉದ್ದಕ್ಕೆ ಒದ್ದ ಚೆಂಡು ಕೊಚ್ಚಿಯ ಹುಡುಗರ ತಲೆಯ ಮೇಲಿಂದ ಬಂದು ಗಿರಿಯ ಕಾಲಿಗೆ ಬಿತ್ತು. ಮುಂದೆ ಸಾಜನ್ ಒಬ್ಬನೇ. ಇಡೀ ಮೈದಾನ ಒಂದು ಕ್ಷಣ ಉಸಿರು ಬಿಗಿ ಹಿಡಿಯಿತು. ಆ ನಿಶ್ಶಬ್ದದಲ್ಲಿ ಅಪ್ಪ ಎದ್ದು ನಿಂತು, ಎರಡೂ ಕೈಗಳನ್ನು ಬಾಯಿಗಿಟ್ಟುಕೊಂಡು, ಅಲ್ಲಿ ಯಾರಿಗೂ ತಿಳಿಯದ ಭಾಷೆಯಲ್ಲಿ ಕೂಗಿದ.

“ಗಿರೀ! ಅವನ ಎಡಕ್ಕ! ಎಡಕ್ಕ ಹೊಡಿ!”

ಗಿರಿ ಹೊಡೆದ. ಸಾಜನ್‌ನ ಬಲಕ್ಕೆ, ಬೆಳಗ್ಗೆ ನನಗೆ ಹೇಳಿದ ಹಾಗೆಯೇ. ಅಂಥ ಜೋರಿನ ಹೊಡೆತವೂ ಅಲ್ಲ, ಸಾಜನ್ ಹಿಡಿಯಬಹುದಾಗಿದ್ದ ಚೆಂಡು. ಆದರೆ ಚೆಂಡು ಗಿರಿಯ ಕಾಲು ಬಿಡುವ ಮೊದಲೇ ಸಾಜನ್ ಎಡಕ್ಕೆ ಹಾರಿಯಾಗಿತ್ತು. ಮೈಯೆಲ್ಲವನ್ನೂ ಎಸೆದು, ಕಾಣದ ಕಡೆಗೆ. ಅವನ ತಲೆ ಬಡಿದು ಕಂಬ ಠಣ್ಣೆಂದಿತು. ಚಾಲೈಯ ಪಾತ್ರೆ ಅಂಗಡಿಗಳಲ್ಲಿ ದಿನವೂ ಕೇಳುವ ಸದ್ದೇ ಅದು. ಜನ ಗೋಲು ಎಂದು ಎದ್ದು ಕುಣಿಯುತ್ತಿದ್ದರು, ಮ್ಯಾನೇಜರು ಅಪ್ಪನನ್ನು ತಬ್ಬಿಕೊಂಡಿದ್ದರು. ಗಿರಿ ಮಾತ್ರ ಚೆಂಡಿನ ಕಡೆ ನೋಡದೆ ಕಂಬದ ಕಡೆಗೆ ಓಡುತ್ತಿದ್ದ. ಅವ್ವ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಅವಳ ಬಳೆಯ ಗುರುತು ನನ್ನ ಮುಂಗೈ ಮೇಲೆ ಸಂಜೆಯವರೆಗೂ ಇತ್ತು.

ಪಂದ್ಯ ಅಲ್ಲಿಗೇ ನಿಂತಿತು. ಗಿರಿಯ ಗೋಲೇ ಆ ಆಟದ ಚರಿತ್ರೆಯಲ್ಲಿ ಕೊನೆಯ ಗೋಲು. ಮರುವರ್ಷ ಮೇಷ್ಟರುಗಳು ಮನೆ ಮನೆ ಸುತ್ತಿದರಂತೆ, ಆದರೆ ಸಾಜನ್‌ಗೆ ಆದದ್ದನ್ನು ಕೇಳಿದ ಮೇಲೆ ಎದುರಾಳಿ ಹುಡುಗನನ್ನು ಇಳಿಸಿಕೊಳ್ಳಲು ಯಾವ ತಾಯಿಯೂ ಒಪ್ಪಲಿಲ್ಲ. ಹಾಸ್ಟೆಲಿನಿಂದ ಗಿರಿಗೆ ಕರೆ ಬಂತು, ಅವನು ಹೋಗಲಿಲ್ಲ. ಅಪ್ಪ ಎಷ್ಟು ಹೇಳಿದರೂ ಹೋಗಲಿಲ್ಲ. ಈಗ ನಾನು ಕೊಚ್ಚಿಯಲ್ಲೇ ಇದ್ದೇನೆ. ವೈಟ್ಟಿಲದಲ್ಲಿ ಬಸ್ಸಿಗೆ ಕಾಯುವಾಗ ಚೆಂಡಿನ ಚೀಲ ಹೆಗಲಿಗೇರಿಸಿದ ಹುಡುಗರನ್ನು ಕಂಡರೆ, ಆಲ್‌ಸ್ಟಾರ್ ಎಂದು ಒಂದು ಆಟವಿತ್ತು, ಗೊತ್ತಾ ಎಂದು ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ. ಯಾರಿಗೂ ಗೊತ್ತಿರಲಿಕ್ಕಿಲ್ಲ.

ಪಂದ್ಯದ ಮರುದಿನ ಮಧ್ಯಾಹ್ನ ನಾವು ಆಸ್ಪತ್ರೆಗೆ ಹೋದೆವು. ಅಪ್ಪ ಬಾಗಿಲ ಹೊರಗೇ ನಿಂತ. ಸಾಜನ್‌ನ ತಲೆಗೂ ಎಡಗಣ್ಣಿಗೂ ಸೇರಿಸಿ ಬ್ಯಾಂಡೇಜು ಸುತ್ತಿದ್ದರು. ಜೀವಕ್ಕೆ ಏನೂ ಭಯವಿಲ್ಲ ಎಂದಿದ್ದರು. ಆದರೆ ಗಾಯ ನೋಡಿದ ಡಾಕ್ಟರಿಗೆ ಹಳೆಯ ಕಣ್ಣಿನ ಸಂಗತಿಯೂ ತಿಳಿದುಹೋಗಿತ್ತು, ಅವರು ತಂಡದ ಮೇಷ್ಟರಿಗೆ ಹೇಳಿದ್ದರು, ಮೇಷ್ಟರು ಹಾಸ್ಟೆಲಿನವರಿಗೆ. ಅವನಪ್ಪ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಬೆನ್ನು ಹಿಡಿದು ಮಲಗಿದ್ದ. ಗಿರಿ ಬಾಗಿಲ ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತ. ಅವ್ವ ಬಟ್ಟೆಯಲ್ಲಿ ಸುತ್ತಿ ತಂದಿದ್ದ ರೊಟ್ಟಿ ಮತ್ತು ಹಿಂಡಿಯ ಡಬ್ಬಿಯನ್ನು ಮಂಚದ ಬಲಕ್ಕಿದ್ದ ಸ್ಟೂಲಿನ ಮೇಲಿಟ್ಟು, ಅವನ ಕಾಲ ಬಳಿ ಬಂದು ನಿಂತಳು. ಅವಳ ಹರಕು ಮಲಯಾಳದಲ್ಲಿ, ಈಗ ಹೇಗಿದೆ ಮೋನೇ, ಮಗನೇ, ಎಂದು ಕೇಳಿದಳು.

ಸಾಜನ್ ಬಲಗಣ್ಣಿನಿಂದ ಅವಳನ್ನೇ ನೋಡಿದ.

“ಅವ್ವಾ,” ಎಂದ. “ನನಗ ಕೇಳ್ಲಿ ಅಂತನ ನೀವೆಲ್ಲಾ ಎಡಕ್ಕ ಅಂದ್ರಿ, ಹೌದಲ್ರೀ? ನಾ ಎಡಕ್ಕ ಹಾರ್ಲಿ, ಗಿರಿ ಬಲಕ್ಕ ಹೊಡೀಲಿ ಅಂತ.”

ಅವನ ಬಾಯಿಂದ ನಾವು ಕೇಳಿದ ಮೊದಲ ಕನ್ನಡ ಅದು. ನಾನೂ ಗಿರಿಯೂ ಒಮ್ಮೆಯೂ ಹಾಗೆ ಆಡಿದವರಲ್ಲ. ಅಪ್ಪಟ ಧಾರವಾಡದ ಮಾತು, ಎಳೆತ ಕೂಡ ಅವ್ವನದೇ. ಬೀದಿಯಲ್ಲಿ ನಮಗೆ ಮಲಯಾಳ ಬಂದ ಹಾಗೆ ನಮ್ಮ ಒಲೆಯ ಮುಂದೆ ಕೂತು ಅವನಿಗೆ ಕನ್ನಡ ಬಂದಿತ್ತು. ಅಷ್ಟು ವರ್ಷ ಅವನು ಪರದೆಯ ಈಚೆಗೆ, ನಮ್ಮ ಜೊತೆಗೇ ಕೂತಿದ್ದ. ಹೊರಗೆ ಅಪ್ಪ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡದ್ದು ಕಾಣಿಸಿತು.

“ಅಲ್ಲ,” ಎಂದಳು ಅವ್ವ. “ಅಲ್ಲ, ಅಲ್ಲ.”

ಅಲ್ಲ ಎನ್ನುವ ಮಾತು ಎರಡೂ ಭಾಷೆಗೆ ಒಂದೇ. ಅವಳು ಯಾವುದರಲ್ಲಿ ಹೇಳಿದಳೋ ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಕ್ಕಿಲ್ಲ. ಗಿರಿ ಒಂದು ಹೆಜ್ಜೆ ಮುಂದೆ ಬಂದ. ಸಾಜನ್ ರೊಟ್ಟಿಯ ಗಂಟನ್ನು ನೋಡಿದ, ಮುಟ್ಟಲಿಲ್ಲ. ಆಮೇಲೆ ಮುಖವನ್ನು ನಿಧಾನವಾಗಿ ಬಲಗಡೆಯ ಗೋಡೆಗೆ ತಿರುಗಿಸಿಕೊಂಡ. ನಾವೆಲ್ಲ ಅವನ ಎಡಕ್ಕೆ ಉಳಿದೆವು.